ತಂತಿಗೊಂದು ಚಹಾ

ಪಿಯಾನೊಗಳಿಗೆ ಶ್ರುತಿ ಕೂಡಿಸಿಕೊಂಡು ನಲವತ್ತನಾಲ್ಕು ವರ್ಷ ಬದುಕಿದವನು ನಾನು. ಅಷ್ಟು ವರ್ಷಗಳಲ್ಲಿ ನನ್ನ ಬಾಯಿಂದ ಒಂದು ಸಲವೂ ಬೆಲೆಯ ಮಾತು ಹೊರಟಿದ್ದಿಲ್ಲ. ಗಿರಾಕಿಗಳು "ಎಷ್ಟಾಯಿತು?" ಎಂದರೆ ನಾನು ಸಾಮಾನನ್ನು ಚೀಲಕ್ಕೆ ತುಂಬಿಕೊಳ್ಳುತ್ತ "ಅವಳನ್ನು ಕೇಳಿ" ಎನ್ನುತ್ತಿದ್ದೆ. ಅವಳೆಂದರೆ ಜೊತೆಗೇ ಬರುತ್ತಿದ್ದ ನನ್ನ ಹೆಂಡತಿ. ಅವಳಿಗೆ ಅವಳದೇ ಒಂದು ಅಳತೆ ಇತ್ತು. ಪಿಯಾನೊದ ನಡುವಿನ ಕೀಗಳು ಬೆರಳು ತಾಗಿ ತಾಗಿ ಸವೆದಿದ್ದರೆ ಕಡಿಮೆ ಹೇಳುವಳು. ಕೀಗಳು ಹೊಸದಾಗಿ ಹೊಳೆಯುತ್ತ, ಮೇಲಿನ ಮುಚ್ಚಳದ ತುಂಬ ಫೋಟೋಗಳನ್ನು ಜೋಡಿಸಿಟ್ಟಿದ್ದರೆ ಹೆಚ್ಚು ಹೇಳುವಳು. "ನುಡಿಸುವವರಿಗೆ ಒಂದು ದರ, ಮೇಜು ಮಾಡಿಕೊಂಡವರಿಗೆ ಒಂದು ದರ" ಎನ್ನುವಳು. ಯಾರೂ ಜಗಳವಾಡಿದ್ದಿಲ್ಲ.

ಹೋದ ವರ್ಷ ದೇವರು ಅವಳನ್ನು ಕರೆಸಿಕೊಂಡ. ಆತನ ಇಚ್ಛೆಯನ್ನು ಪ್ರಶ್ನಿಸುವವನು ನಾನಲ್ಲ. ಆದರೂ, ಬೆಲೆ ಹೇಳುವವಳನ್ನು ಕರೆದುಕೊಂಡು ಕೆಲಸ ಮಾಡುವವನನ್ನು ಇಲ್ಲೇ ಬಿಟ್ಟದ್ದು ಯಾವ ಲೆಕ್ಕವೆಂದು ಬೆಳಗಿನ ಪ್ರಾರ್ಥನೆಯಲ್ಲಿ ಒಂದೆರಡು ಸಲ ಕೇಳಿದ್ದುಂಟು.

ನನ್ನ ಕೆಲಸದ ಕೋಣೆ ಒಂದು ಛಾಪಖಾನೆಯ ಕೆಳಗಡೆ ಇದೆ. ಉದ್ದನೆಯ ಕೋಣೆ, ಬಿಚ್ಚಿಟ್ಟ ಮೂರು ಪಿಯಾನೊ, ಒಂದು ಮರಗೆಲಸದ ಮೇಜು, ಓಣಿಯತ್ತ ಒಂದು ಕಿಟಕಿ. ಮೇಲೆ ಯಂತ್ರ ಓಡಿದರೆ ನಮ್ಮ ಗೋಡೆ ಸಣ್ಣಗೆ ನಡುಗುತ್ತದೆ. ಹಾಗಾಗಿ ಶ್ರುತಿಯ ಕೆಲಸವೆಲ್ಲ ಅವರು ಯಂತ್ರ ನಿಲ್ಲಿಸುವ ಮೂರು ಗಂಟೆಯ ನಂತರವೇ. ಕಟ್ಟಡದ ಯಜಮಾನರೂ ಛಾಪಖಾನೆಯವರೇ. ಅವರು ಒಂದು ಬೆಳಿಗ್ಗೆ ಇಳಿದು ಬಂದು, ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ, ಎರಡು ತಿಂಗಳ ನಂತರ ಬಾಡಿಗೆ ದುಪ್ಪಟ್ಟಾಗುತ್ತದೆ ಎಂದರು. ಚಪ್ಪಲಿ ಅಂಗಡಿಯವನೊಬ್ಬ ಅಷ್ಟು ಕೊಡಲು ತಯಾರಾಗಿ ಕೂತಿದ್ದಾನಂತೆ. "ನಿಮ್ಮನ್ನ ಹೋಗಿ ಅನ್ನೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಬಾಡಿಗೆ ಹೇಳ್ತಿದ್ದೀನಿ" ಎಂದರು. ಒಳ್ಳೆಯ ಮನುಷ್ಯ.

ಮಂಡಿ ನೋವಿನಿಂದ ಮನೆಮನೆಗೆ ಹೋಗಿ ಶ್ರುತಿ ಮಾಡುವುದನ್ನು ನಾನು ಬಿಟ್ಟು ಎರಡು ವರ್ಷವಾಗಿತ್ತು. ಕೋಣೆಗೆ ಬರುವ ರಿಪೇರಿಯಿಂದ ಹಳೆಯ ಬಾಡಿಗೆ ಹೇಗೋ ಹುಟ್ಟುತ್ತಿತ್ತು, ಹೆಚ್ಚಿನದು ಹುಟ್ಟುವಂತಿರಲಿಲ್ಲ. ಕೋಣೆ ಹೋದರೆ ಕೆಲಸ ಹೋದಂತೆ. ಕೆಲಸವೂ ಹೋದರೆ ದಿನದ ಹೊತ್ತನ್ನು ಏನು ಮಾಡುವುದೆಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ.

ಉಪಾಯ ಹೇಳಿದವಳು ನಾದಿನಿ, ನನ್ನ ಹೆಂಡತಿಯ ತಂಗಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತು ನಿವೃತ್ತಳಾದವಳು. ಅಕ್ಕ ಹೋದ ಮೇಲೆ ವಾರಕ್ಕೆ ನಾಲ್ಕು ದಿನ ಬಂದು ನನ್ನನ್ನು ಗದರಿಸಿ ಹೋಗುವುದನ್ನು ಅವಳು ಕರ್ತವ್ಯವೆಂದು ತಿಳಿದಿದ್ದಳು.

"ಕಲಿಸಿ ಭಾವ" ಎಂದಳು. "ಈ ಊರಲ್ಲಿ ಪಿಯಾನೊ ನುಡಿಸೋಕೆ ಕಲಿಸೋರು ಬೀದಿಗೆ ಇಬ್ಬರಿದ್ದಾರೆ. ಶ್ರುತಿ ಮಾಡೋಕೆ ಕಲಿಸೋರು ಒಬ್ಬರೂ ಇಲ್ಲ. ನಾಲ್ಕಾರು ಜನರನ್ನ ಕೂರಿಸಿಕೊಳ್ಳಿ."

ಹೇಳಿದ್ದಷ್ಟೇ ಅಲ್ಲ, ರಟ್ಟಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ ಬೋರ್ಡು ಬರೆದೇ ತಂದಳು. ವಾರಕ್ಕೆ ಎರಡು ದಿನ, ಮೂರರಿಂದ ಆರು ಗಂಟೆ. ಕೊನೆಯ ಸಾಲಿನಲ್ಲಿ "ಫೀಜು" ಎಂದು ಬರೆದು ಜಾಗ ಬಿಟ್ಟಿದ್ದಳು.

"ಎಷ್ಟು ಬರೀಲಿ?"

ನಾನು ಕಿಟಕಿಯ ಕಡೆ ನೋಡಿದೆ.

"ಕಿಟಕಿ ಹೇಳಲ್ಲ ಭಾವ. ನೀವು ಹೇಳಬೇಕು."

"ವಿದ್ಯೆ ನನ್ನದಲ್ಲಮ್ಮ. ಕಿವಿ ಕೊಟ್ಟವನು ದೇವರು. ಕಲಿಸಿದ ಗುರುಗಳು ನನ್ನ ಹತ್ತಿರ ಒಂದು ಕಾಸು ಮುಟ್ಟಲಿಲ್ಲ."

"ಮುಟ್ಟಲಿಲ್ಲ, ಎರಡು ವರ್ಷ ನಿಮ್ಮ ಕೈಲಿ ಅಂಗಡಿಯ ಕಸ ಹೊಡೆಸಿಕೊಂಡರು. ಅಕ್ಕ ಹೇಳಿದ್ದಾಳೆ. ನೀವೂ ಕಸ ಹೊಡೆಸಿಕೊಳ್ಳಿ ಅನ್ನೋಣ ಅಂದ್ರೆ ಇಲ್ಲಿ ಗುಡಿಸೋಕೆ ಇರೋದೇ ಒಂದು ಕೋಣೆ. ದೇವರ ಹೆಸರು ಹೇಳಿದರೆ ಮೇಲಿನವರು ಬಾಡಿಗೆ ಬಿಡಲ್ಲ. ಸಂಜೆಗೆ ಹೇಳಿ."

ಸಂಜೆಯವರೆಗೆ ಯೋಚಿಸಿದೆ. ತಿಂಗಳಿಗೆ ಇಷ್ಟು ಎಂದು ಎಲ್ಲರಿಗೂ ಹೇಳೋಣವೆಂದರೆ, ಒಬ್ಬನಿಗೆ ತಿಂಗಳಲ್ಲಿ ಬರುವುದು ಇನ್ನೊಬ್ಬನಿಗೆ ಆರು ತಿಂಗಳಾದರೂ ಬರದು. ಬಾರದವನ ಕೈಯಲ್ಲಿ ದುಡ್ಡು ಇಸಿದುಕೊಂಡರೆ ದೇವರು ಮೆಚ್ಚುವನೆ? ಯೋಚಿಸಿ ಯೋಚಿಸಿ ಕೊನೆಗೆ ಒಂದು ದಾರಿ ಕಂಡೆ. ಪಿಯಾನೊದಲ್ಲಿ ಎಂಬತ್ತೆಂಟು ಕೀಗಳಿದ್ದರೂ ಒಳಗೆ ತಂತಿಗಳು ಇನ್ನೂರ ಮೂವತ್ತರ ಹತ್ತಿರ ಇರುತ್ತವೆ. ಹೆಚ್ಚಿನ ಸ್ವರಗಳಿಗೆ ಮೂರು ಮೂರು. ಯಾರು ತಮ್ಮ ಕೈಯಿಂದ ಎಷ್ಟು ತಂತಿಗಳನ್ನು ಶ್ರುತಿಗೆ ತರುತ್ತಾರೋ ಅಷ್ಟಕ್ಕೆ ಮಾತ್ರ ಕೊಡಲಿ. ತಂತಿಗೆ ಒಂದು ಲೋಟ ಚಹಾದ ಬೆಲೆ. ಬಂದವನಿಗೆ ಬಂದಷ್ಟು, ಬಾರದವನಿಗೆ ನಷ್ಟವಿಲ್ಲ. ಕೂತು ಕೇಳುವುದಕ್ಕೆ ದುಡ್ಡೇನೂ ಇಲ್ಲ. ಇಷ್ಟು ನ್ಯಾಯವಾದ ದರ ಲೋಕದಲ್ಲೇ ಇರಲಾರದು ಎಂದು ನನಗೆ ಸಣ್ಣ ಹೆಮ್ಮೆಯೂ ಆಯಿತು.

ನಾದಿನಿ ಕೇಳಿ ಪೆನ್ನು ಕೆಳಗಿಟ್ಟಳು. "ತಂತೀನ ತರಕಾರಿ ಹಾಗೆ ಎಣಿಸಿ ಮಾರ್ತೀರಾ?"

"ನ್ಯಾಯ ಅಲ್ವೇನು?"

"ನ್ಯಾಯಕ್ಕೇನೋ ಕಮ್ಮಿಯಿಲ್ಲ" ಎಂದು ಬರೆದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಮೂವರು ಬಂದರು. ಒಬ್ಬರು ಶಾಲೆಯಲ್ಲಿ ಸಂಗೀತ ಕಲಿಸುವ ಟೀಚರಮ್ಮ. ಶಾಲೆಯ ಪಿಯಾನೊ ವರ್ಷವಿಡೀ ಅಪಸ್ವರದಲ್ಲಿರುತ್ತದೆಂದು ಬೇಸತ್ತು ಬಂದವರು. ಇನ್ನೊಬ್ಬ ಬಡಗಿ, ಬಾಗಿಲು ಕಿಟಕಿ ಮಾಡಿ ಸಾಕಾದವನು. ಮೂರನೆಯವಳು ದರ್ಜಿಯ ಕೆಲಸ ಮಾಡುವ ಹೆಂಗಸು. ಅಂಗಡಿಯಲ್ಲಿ ಹೊಲಿಗೆ ಕಡಿಮೆಯಾಗುತ್ತಿತ್ತು. ಇನ್ನೊಂದು ಕಸುಬು ಕೈಯಲ್ಲಿದ್ದರೆ ಒಳ್ಳೆಯದೆಂದು ಬಂದಿದ್ದಳು. ಅವಳು ಬಾಗಿಲ ಬಳಿ ನಿಂತು ಬೋರ್ಡನ್ನು ಎರಡು ಸಲ ಓದಿ, "ಕೇಳೋದಕ್ಕೆ ದುಡ್ಡಿಲ್ಲ ತಾನೆ, ಮೇಷ್ಟ್ರೇ?" ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬಂದಳು.

ಮೊದಲ ದಿನ ಅಲೆ ತೋರಿಸಿದೆ. ಒಂದು ಸ್ವರದ ಮೂರು ತಂತಿಗಳಲ್ಲಿ ಒಂದಕ್ಕೆ ರಬ್ಬರಿನ ಬೆಣೆ ಸಿಕ್ಕಿಸಿ ಸುಮ್ಮನಾಗಿಸಿ, ಉಳಿದೆರಡನ್ನು ನುಡಿಸಬೇಕು. ಎರಡೂ ಒಂದೇ ಎತ್ತರದಲ್ಲಿಲ್ಲದಿದ್ದರೆ ದನಿ ವಾಂವ್ ವಾಂವ್ ಎಂದು ಅಲುಗುತ್ತದೆ. ತಂತಿ ಸುತ್ತಿದ ಮೊಳೆಗೆ ಹಿಡಿಯನ್ನು ತೊಡಿಸಿ ಕೂದಲೆಳೆಯಷ್ಟು ತಿರುಗಿಸಿದರೆ ಅಲೆ ನಿಧಾನವಾಗುತ್ತದೆ. ಇನ್ನೂ ತಿರುಗಿಸಿದರೆ ನಿಲ್ಲುತ್ತದೆ. ನಿಂತಾಗ ಎರಡು ತಂತಿ ಒಂದಾದವು. ನಮ್ಮ ವಿದ್ಯೆಯ ಬುಡ ಇಷ್ಟೇ.

ಮೊದಲ ವಾರ ಉತ್ಸಾಹವೋ ಉತ್ಸಾಹ. ಟೀಚರಮ್ಮನವರು ಹತ್ತೊಂಬತ್ತು ತಂತಿ ಕೂಡಿಸಿದರು. ವಾರದ ಕೊನೆಗೆ ನಾದಿನಿ ಚೀಟಿ ಹರಿದು ಕೊಟ್ಟಾಗ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಹತ್ತೊಂಬತ್ತು ಚಹಾ ಕುಡಿದಿದ್ದರೆ ವಾರಪೂರ್ತಿ ನಿದ್ದೆ ಬರ್ತಿರಲಿಲ್ಲ" ಎಂದಷ್ಟೇ ಹೇಳಿ ದುಡ್ಡು ಕೊಟ್ಟರು.

ಬಡಗಿಯದು ಬೇರೆ ತಕರಾರು. ಅವನ ಕೈಯಲ್ಲಿ ಬಲ ಹೆಚ್ಚು, ತಾಳ್ಮೆ ಕಡಿಮೆ. ಮೊಳೆಯನ್ನು ಸರಿಯಾಗಿ ಕೂರಿಸದೆ ಬಿಡುತ್ತಿದ್ದ. ಮಂಗಳವಾರ ಕೂಡಿದ ತಂತಿ ಶುಕ್ರವಾರಕ್ಕೆ ಇಳಿದಿರುತ್ತಿತ್ತು.

"ಯಜಮಾನ್ರೇ, ಇಳಿದು ಹೋದ ತಂತಿಗೂ ದುಡ್ಡು ಕೊಡಬೇಕಾ?"

"ಕೂಡಿಸಿದಾಗ ಕೂಡಿತ್ತಲ್ಲಪ್ಪ."

"ನಾನು ಹಾಕಿದ ಬಾಗಿಲು ನಾಲ್ಕೇ ದಿನಕ್ಕೆ ಬಿದ್ದರೆ ಯಾರಾದರೂ ಕೊಡ್ತಾರಾ?"

"ಬಾಗಿಲು ಬೀಳಿಸಿದವರು ನೀವೇ" ಎಂದಳು ನಾದಿನಿ. "ಅವರಲ್ಲ."

ಎರಡನೆಯ ವಾರಕ್ಕೆ ಎಲ್ಲರಿಗೂ ವಿಪರೀತ ಸೌಜನ್ಯ ಬಂದುಬಿಟ್ಟಿತು. ಟೀಚರಮ್ಮ ಹಿಡಿಯನ್ನು ಬಡಗಿಯ ಕಡೆ ಚಾಚಿ "ನೀವು ಮಾಡಿ, ನಿಮಗೆ ಅಭ್ಯಾಸ ಬೇಕು" ಎನ್ನುವರು. ಅವನು "ಛೇ ಛೇ, ದೊಡ್ಡವರು ನೀವು, ನಿಮ್ಮ ಮುಂದೆ ನಾನೇ?" ಎನ್ನುವನು. ಇಬ್ಬರೂ ಸೇರಿ ದರ್ಜಿಯಮ್ಮನಿಗೆ ಕೊಡಲು ಹೋದರೆ ಅವಳು ಬೆಣೆಗಳನ್ನು ಎರಡೂ ಕೈಯಲ್ಲಿ ಹಿಡಿದು "ನನ್ನ ಕೈ ತುಂಬಿದೆ" ಎನ್ನುವಳು. ಹಿಡಿ ಒಬ್ಬರಿಂದೊಬ್ಬರಿಗೆ ಸುತ್ತುತ್ತಿತ್ತು, ಮೊಳೆ ಮಾತ್ರ ತಿರುಗುತ್ತಿರಲಿಲ್ಲ. ಕೊನೆಗೆ ಹೊತ್ತು ಹೋಗುತ್ತದಲ್ಲ ಎಂದು ನಾನೇ ಮಾಡುತ್ತಿದ್ದೆ, ಅವರು ಬಿಟ್ಟಿಯಾಗಿ ಕೇಳುತ್ತಿದ್ದರು.

ಮೂರನೆಯ ವಾರ ನಾದಿನಿ ಫೀಜಿನ ಡಬ್ಬಿಯನ್ನು ಅಲ್ಲಾಡಿಸಿ ಮೇಜಿನ ಮೇಲೆ ಸುರಿದಳು. "ನಾಲ್ಕು ತಂತಿ. ಭಾವ, ನಾವಿಬ್ಬರೂ ಎರಡೆರಡು ಚಹಾ ಕುಡಿದರೆ ಈ ವಾರದ ಸಂಸಾರ ಮುಗೀತು. ಬಾಡಿಗೆಗೆ ಇನ್ನು ಐದು ವಾರ ಇದೆ. ಚಪ್ಪಲಿ ಅಂಗಡಿಯವನು ನಿನ್ನೆ ಬಂದು ಕಿಟಕಿ ಅಳೆದುಕೊಂಡು ಹೋದ."

"ನನಗೆ ಕಾಣಲಿಲ್ಲವಲ್ಲ."

"ನೀವು ಪಿಯಾನೊ ಒಳಗೆ ತಲೆ ಹಾಕಿದ್ದಿರಿ."

ಆ ರಾತ್ರಿ ಹೆಂಡತಿಯ ನೆನಪು ಬಹಳ ಕಾಡಿತು. ಅವಳಿದ್ದಿದ್ದರೆ ಮೂವರ ಮುಖ ನೋಡಿಯೇ ಒಂದು ಮಾತು ಹೇಳಿ ಮುಗಿಸುತ್ತಿದ್ದಳು. ಬೆಳಿಗ್ಗೆ ದೇವರ ಮುಂದೆ ಕೈ ಮುಗಿದು ನಿಂತೆ. ಇಬ್ಬರಿಗಾಗಿ ಹೇಳಿಕೊಳ್ಳುತ್ತಿದ್ದ ಪ್ರಾರ್ಥನೆಯನ್ನು ಒಬ್ಬನಿಗೆ ಹೊಂದಿಸಿಕೊಳ್ಳಲು ನನಗಿನ್ನೂ ಬಂದಿರಲಿಲ್ಲ, ಮಧ್ಯದಲ್ಲಿ ತಡವರಿಸುತ್ತಿತ್ತು. ಆ ದಿನ ತಡವರಿಸಿದ ಕಡೆಯೇ ನಿಂತು, ಎಲ್ಲಿ ತಪ್ಪಿದೆ ಎಂದಷ್ಟು ತೋರಿಸು ಎಂದು ಕೇಳಿಕೊಂಡೆ.

ತೋರಿಸಿದ್ದು ಅಂದಿನ ಪಾಠದಲ್ಲೇ. ಟೀಚರಮ್ಮ ಧೈರ್ಯ ಮಾಡಿ ಒಂದು ತಂತಿಗೆ ಕೈ ಹಾಕಿದ್ದರು. ದರ್ಜಿಯಮ್ಮ ದೂರದಲ್ಲಿ, ಕಿಟಕಿಯ ಹತ್ತಿರ, ನಮಗೆ ಬೆನ್ನು ಮಾಡಿ ಕುಳಿತು ತಂತಿಗಳನ್ನು ಸುಮ್ಮನಾಗಿಸುವ, ಸಿಂಬಿ ಸುತ್ತಿಟ್ಟ ಉಣ್ಣೆಯ ಫೆಲ್ಟ್ ಪಟ್ಟಿಗಳನ್ನು ಬಿಡಿಸುತ್ತಿದ್ದಳು.

"ಆಯ್ತು, ನಿಂತಿತು" ಎಂದರು ಟೀಚರಮ್ಮ.

"ಇಲ್ಲ, ಇನ್ನೂ ಅಲುಗ್ತಿದೆ" ಎಂದಳು ಅವಳು, ತಿರುಗದೆಯೇ.

ನಾನು ಬಗ್ಗಿ ಕೇಳಿದೆ. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಅಲೆ ಬಂದು ಹೋಯಿತು. ನನ್ನ ಮುದಿ ಕಿವಿಯನ್ನೂ ದಾಟಿತ್ತು ಅದು. ಟೀಚರಮ್ಮ ಮತ್ತೆ ತಿರುಗಿಸಿದರು. "ದಾಟಿ ಹೋಯ್ತು" ಎಂದಳು. ಮತ್ತೆ. "ಈಗ." ನಾನು ಬೇಕೆಂದೇ ಇನ್ನೂ ಆರೇಳು ತಂತಿ ಕೆಡಿಸಿ ಪರೀಕ್ಷಿಸಿದೆ. ಒಂದರಲ್ಲೂ ಅವಳು ತಪ್ಪಲಿಲ್ಲ. ಮೂರು ವಾರದಲ್ಲಿ ಅವಳು ದುಡ್ಡು ಕೊಟ್ಟು ಕೂಡಿಸಿದ್ದು ಎರಡೇ ತಂತಿ.

ನನಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಕೈಯ ಕೆಲಸ ಕಾಲುಭಾಗ, ಉಳಿದದ್ದು ಕಿವಿ ಎಂದು ಗುರುಗಳು ನನಗೆ ಎರಡು ವರ್ಷ ಹೇಳಿದ್ದರು. ಹಾಗಿದ್ದೂ ನಾನು ಕಿವಿಯ ಪಾಠವನ್ನು ಬಿಟ್ಟಿ ಹಂಚಿ ಕೈ ಅಲ್ಲಾಡಿಸಿದ್ದಕ್ಕೆ ದುಡ್ಡು ಕೇಳಿದ್ದೆ. ಕೈ ತಪ್ಪಿದರೆ ತಾನೆ ಕಲಿಯುವುದು? ಕೂಡಿಸಿದ ತಂತಿಗೆಲ್ಲ ಬೆಲೆ ಕಟ್ಟಿ ಎಲ್ಲರ ಕೈ ಕಟ್ಟಿಹಾಕಿದ್ದೆ. ಇದನ್ನೇ ಅವರ ಮುಂದೆ ಹೇಳಿದೆ.

ಹೇಳಬಾರದಿತ್ತೇನೋ. ಟೀಚರಮ್ಮನವರ ಮುಖ ಗಂಭೀರವಾಯಿತು. "ಅಂದ್ರೆ, ಮೇಷ್ಟ್ರೇ, ಇಷ್ಟು ದಿನ ನಾವು ದುಡ್ಡು ಕೊಟ್ಟಿದ್ದು ಇವರು ಕಲಿಯಲಿ ಅಂತಲಾ?"

ದರ್ಜಿಯಮ್ಮ ಫೆಲ್ಟ್ ಪಟ್ಟಿಗಳನ್ನು ಮೇಜಿನ ಮೇಲೆ ಅಂದವಾಗಿ ಜೋಡಿಸಿ ಎದ್ದು ನಿಂತಳು. "ಕೇಳೋದಕ್ಕೆ ದುಡ್ಡಿಲ್ಲ ಅಂತ ಬರೆದಿತ್ತು, ಅದಕ್ಕೇ ಕೂತೆ. ಯಾರದ್ದೂ ತಿಂದಿಲ್ಲ. ಕೇಳಿದ್ದಕ್ಕೆ ಎಷ್ಟಾಗುತ್ತೋ ಹೇಳಿ, ನಿಧಾನವಾಗಿ ತೀರಿಸ್ತೀನಿ. ನಾಳೆಯಿಂದ ಬರಲ್ಲ."

ಒಬ್ಬಳು ಹೋದರೆ ಉಳಿಯುವುದು ಇಬ್ಬರು. ಇಬ್ಬರಿಂದ ತರಗತಿ ನಡೆಯದು. ತರಗತಿ ನಡೆಯದಿದ್ದರೆ ಈ ಕೋಣೆಯಲ್ಲಿ ಚಪ್ಪಲಿ. ಅದಕ್ಕಿಂತ ಹೆಚ್ಚಾಗಿ, ನಲವತ್ತನಾಲ್ಕು ವರ್ಷದಲ್ಲಿ ನಾನು ಕಂಡ ಅತ್ಯುತ್ತಮ ಕಿವಿ ನನ್ನ ಬಾಗಿಲಿಂದ ಹೊರಗೆ ಹೊರಟಿತ್ತು.

"ಕೂತ್ಕೋಮ್ಮ" ಎಂದಳು ನಾದಿನಿ, ಅಂಚೆ ಕಚೇರಿಯ ದನಿಯಲ್ಲಿ. ಆ ದನಿಗೆ ಸಾಲಿನಲ್ಲಿ ನಿಂತವರೆಲ್ಲ ಸರಿಯಾಗಿ ನಿಲ್ಲುತ್ತಿದ್ದರಂತೆ. ದರ್ಜಿಯಮ್ಮ ಕುಳಿತಳು. ಬಡಗಿಯೂ ಕುಳಿತ. ಅವನಿಗೆ ಯಾರೂ ಹೇಳಿರಲಿಲ್ಲ. "ತಪ್ಪು ಮಾಡಿದ್ದು ಭಾವ. ದರ ಅವರದ್ದು. ಈಗ ಎಲ್ಲರೂ ಸೇರಿ ಒಂದು ಹೇಳಿ."

ನಾನು ಇದ್ದದ್ದನ್ನು ಇದ್ದಂತೆ ಅವರ ಮುಂದೆ ಇಟ್ಟೆ. ಹಳೆಯ ಬಾಡಿಗೆಯನ್ನು ನನ್ನ ರಿಪೇರಿ ಹೊರುತ್ತದೆ. ಹೆಚ್ಚಿದ ಭಾಗ ಪಾಠದಿಂದ ಬರಬೇಕು. ಬಡಗಿ ಅದನ್ನು ತನ್ನ ಲೆಕ್ಕಕ್ಕೆ ತಿರುಗಿಸಿ, ಎಂಟು ದಿನದ ಕೂಲಿಯಷ್ಟಾಗುತ್ತದೆ ಎಂದ.

"ಕಲಿಸಿದ್ದಕ್ಕೆ ನಿಮ್ಮದು ಎಷ್ಟು?" ಎಂದು ಟೀಚರಮ್ಮ ಕೇಳಿದರು.

"ನನ್ನದು ಬಿಡಿ."

"ಬಿಡಬೇಡಿ" ಎಂದಳು ದರ್ಜಿಯಮ್ಮ. ತಲೆ ತಗ್ಗಿಸಿಯೇ ಇದ್ದಳು, ದನಿ ಮಾತ್ರ ಗಟ್ಟಿ. "ನಾನು ಇದನ್ನ ಹೊಟ್ಟೆಪಾಡಿಗೆ ಕಲೀತಿದ್ದೀನಿ, ಮೇಷ್ಟ್ರೇ. ನೀವು ಬಿಟ್ಟಿ ಕಲಿಸಿದರೆ ನಾಳೆ ನನ್ನ ಕೆಲಸಾನೂ ಜನ ಬಿಟ್ಟಿ ಕೇಳ್ತಾರೆ. ನಿಮ್ಮ ಮೇಷ್ಟ್ರೇ ತಗೊಳ್ತಿರಲಿಲ್ಲ, ನಿನಗ್ಯಾಕೆ ಅಂತಾರೆ. ಆಗ ನಾನೇನು ಹೇಳಲಿ?"

ವಿದ್ಯೆ ಮಾರಬಾರದೆಂದು ನಾನು ದೇವರ ಮುಂದೆ ಬಹಳ ವಾದಿಸಿದ್ದೆ. ಬೆಲೆ ಹೇಳದಿದ್ದರೆ ನನ್ನ ಹಿಂದೆ ಬರುವವರ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಒಂದು ದಿನದ ಪಾಠ ಮೂರು ಗಂಟೆ. ಅರ್ಧ ದಿನದ ಕೂಲಿ ಹಾಕಿ" ಎಂದ ಬಡಗಿ. "ನಾನು ಬಾಗಿಲಿಗೆ ರಂದ ಹೊಡೆದರೂ ಅಷ್ಟು ತಗೊಳ್ತೀನಿ. ಬಾಗಿಲಿಗಿಂತ ಕಡೆಯಾ ಇವರು?"

"ಹೆಚ್ಚೇನಲ್ಲ" ಎಂದಳು ನಾದಿನಿ. "ಬಾಗಿಲು ಕರೆದರೆ ಓಗೊಡಲ್ಲ, ಇವರೂ ಅಷ್ಟೇ. ಸರಿ, ಹಾಕಿ."

ತಿಂಗಳಿಗೆ ಎಂಟು ಪಾಠ, ನಾಲ್ಕು ದಿನದ ಕೂಲಿ. ಬಾಡಿಗೆಯದು ಸೇರಿ ಹನ್ನೆರಡು. ಮೂವರಿಗೆ ಹಂಚಿದರೆ ಒಬ್ಬರಿಗೆ ನಾಲ್ಕು. ದರ್ಜಿಯಮ್ಮ ಬೆರಳಲ್ಲಿ ಏನೋ ಎಣಿಸಿ ಕೈ ಮಡಿಸಿದಳು.

"ಇವರ ಪಾಲು ಕಡಿಮೆ ಮಾಡೋಣ, ಉಳಿದದ್ದು ನಾವಿಬ್ಬರು ನೋಡಿಕೊಳ್ತೀವಿ" ಎಂದರು ಟೀಚರಮ್ಮ. ಸಿಟ್ಟು ಇಳಿದ ಮೇಲೆ ಅವರದು ದೊಡ್ಡ ಮನಸ್ಸು.

"ಬೇಡ, ಅಕ್ಕಾ. ಹಾಗಾದರೆ ನಾನು ಬರಲ್ಲ."

ಪಿಯಾನೊದ ಹನ್ನೆರಡು ಸ್ವರಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋದರೆ ಕೊನೆಗೆ ಶ್ರುತಿಯಲ್ಲಿ ಒಂದಿಷ್ಟು ಹೆಚ್ಚಾಗಿ ಉಳಿದೇ ಉಳಿಯುತ್ತದೆ. ಅದನ್ನು ಒಂದೇ ಜಾಗಕ್ಕೆ ತಳ್ಳಿದರೆ ಆ ಜಾಗ ನಾಯಿಯಂತೆ ಊಳಿಡುತ್ತದೆ. ಹನ್ನೆರಡಕ್ಕೂ ಚೂರು ಚೂರು ಹಂಚಿದರೆ ಯಾವ ಕಿವಿಗೂ ನೋಯದು. ಈ ಮಾತನ್ನು ಮುಂದಿನ ತಿಂಗಳು ಕಲಿಸಬೇಕೆಂದಿದ್ದವನು ಅಂದೇ ಹೇಳಿದೆ.

"ಹಾಗಾದರೆ ಹಂಚೋಕೆ ಇನ್ನಷ್ಟು ಜನ ಬೇಕು" ಎಂದ ಬಡಗಿ. "ಎಷ್ಟು ಜನ ಕೂರಬಹುದು, ಯಜಮಾನ್ರೇ?"

"ಆರು. ಅದರ ಮೇಲಾದರೆ ಉಸಿರಾಟದ ಸದ್ದೇ ಅಲೆಯನ್ನು ಮುಚ್ಚುತ್ತೆ."

ಆರು ಜನರಾದರೆ ತಲೆಗೆ ಎರಡು ದಿನದ ಕೂಲಿ. ವಾರ ವಾರ ಕೊಟ್ಟರೆ ಅರ್ಧ ದಿನದ್ದು. ದರ್ಜಿಯಮ್ಮ ಮತ್ತೆ ಎಣಿಸಿದಳು. "ಅಷ್ಟು ನನಗಾಗುತ್ತೆ. ಎಲ್ಲರ ಹಾಗೆ ಪೂರ್ತಿ" ಎಂದಳು. ಇನ್ನು ಮೇಲೆ ಕುಳಿತು ಕೇಳುವುದಕ್ಕೇ ಫೀಜು. ತಂತಿಗೆ ಕೈ ಹಾಕುವುದು, ಕೆಡಿಸುವುದು, ಮತ್ತೆ ಮಾಡುವುದು ಎಲ್ಲ ಬಿಟ್ಟಿ. ಒಬ್ಬರು ತಿರುಗಿಸುವಾಗ ಉಳಿದ ಐವರೂ ಕೇಳಿ, ನಿಂತಿತೋ ಇಲ್ಲವೋ ಹೇಳಲೇಬೇಕು.

ಟೀಚರಮ್ಮ ತಮ್ಮ ಜೊತೆ ಕಲಿಸುವ ಗೆಳತಿಯನ್ನು ಕರೆತಂದರು. ಬಡಗಿ ತನ್ನ ಭಾಮೈದನನ್ನು, "ಮನೇಲಿ ಕೂತು ರೇಡಿಯೋ ಬಿಚ್ತಾನೆ, ಇಲ್ಲಾದರೂ ಬಿಚ್ಚಲಿ" ಎಂದು ಎಳೆದು ತಂದ. ಆರನೆಯವರು ಎಲ್ಲಿ ಹುಡುಕಿದರೂ ಸಿಗಲಿಲ್ಲ. ತಿಂಗಳು ತುಂಬಲು ನಾಲ್ಕು ದಿನವಿರುವಾಗ ನಾದಿನಿ ತನ್ನ ಪಿಂಚಣಿಯಿಂದ ಎರಡು ದಿನದ ಕೂಲಿ ಎಣಿಸಿ ಡಬ್ಬಿಗೆ ಹಾಕಿ, ತನಗೆ ತಾನೇ ರಸೀತಿ ಬರೆದುಕೊಂಡಳು.

"ನಿನ್ನ ಹತ್ತಿರ ಫೀಜು ತಗೊಳ್ಳೋದೇನಮ್ಮ" ಎಂದೆ.

"ಹಾಗಾದರೆ ಆವತ್ತು ನಾವು ಮಾತಾಡಿದ್ದೇನು? ಒಬ್ಬರನ್ನ ಬಿಟ್ಟರೆ ಊಳಿಡುತ್ತೆ ಅಂದಿರಲ್ಲ. ತಗೊಳ್ಳಿ."

ಅವಳಿಗೆ ಅಲೆ ಮಾತ್ರ ಕೇಳಿಸಲೇ ಇಲ್ಲ. ಎಲ್ಲರೂ "ಅಲುಗ್ತಿದೆ" ಎಂದರೆ ತಾನೂ ಅನ್ನುವಳು. ಬೇಕೆಂದೇ ಬೇರೆ ಹೇಳಿ ಪರೀಕ್ಷಿಸಿದರೆ ಸಿಕ್ಕಿಬೀಳುವಳು. "ನನ್ನ ಕಿವಿ ಠಸ್ಸೆ ಹೊಡೆಯೋ ಸದ್ದಿಗೇ ಸವೆದುಹೋಗಿದೆ. ದುಡ್ಡು ವಾಪಸ್ ಕೇಳಲ್ಲ, ಹೆದರಬೇಡಿ" ಎನ್ನುವಳು. ಆದರೆ ಒಂದು ಪಾಠವನ್ನೂ ತಪ್ಪಿಸಲಿಲ್ಲ. ಹಿಂದೆ ನಾನು ಮನೆಯಲ್ಲಿ ಕೆಲಸ ಮಾಡುವಾಗ ಅವಳ ಅಕ್ಕ ಕದ್ದು ಕೇಳುತ್ತಿದ್ದದ್ದು, ನಾನು ತಪ್ಪಿದರೆ ಅಡುಗೆಮನೆಯಿಂದ ಕೆಮ್ಮುತ್ತಿದ್ದದ್ದು ಅವಳಿಗೂ ಗೊತ್ತು.

ಬಾಡಿಗೆಯ ದಿನ ಬಂತು. ಮೂರೂವರೆಗೆ ಛಾಪಖಾನೆಯ ಯಜಮಾನರು ಬಾಗಿಲಲ್ಲಿ ನಿಂತರು, ಹಿಂದೆ ಚಪ್ಪಲಿ ಅಂಗಡಿಯವನು, ಕೈಯಲ್ಲಿ ಅಳತೆಪಟ್ಟಿ. ದರ್ಜಿಯಮ್ಮ ಹಿಡಿಯ ಮೇಲೆ ಕೈಯಿಟ್ಟಿದ್ದಳು. ಉಳಿದವರು ಕಣ್ಣು ಮುಚ್ಚಿ ಕುಳಿತಿದ್ದರು. ಯಜಮಾನರು ಗಂಟಲು ಸರಿಮಾಡಿಕೊಂಡು "ಏನ್ರೀ..." ಎನ್ನುವಷ್ಟರಲ್ಲಿ ನಾದಿನಿ ತಿರುಗದೆಯೇ ಕೈಯೆತ್ತಿದಳು.

"ತಡೀರಿ. ಅಲುಗ್ತಿದೆ."

ಅವಳ ಮುಖ ಬೇರೆಯೇ ಆಗಿತ್ತು. ಯಜಮಾನರು ಮಸಿಯ ಕೈಗಳನ್ನು ಎದೆಗೆ ಹಿಡಿದು ನಿಂತರು, ಚಪ್ಪಲಿಯವನು ಅವರ ಹೆಗಲ ಮೇಲಿಂದ ಇಣುಕಿದ. ದರ್ಜಿಯಮ್ಮ ಕೂದಲೆಳೆಯಷ್ಟು ತಿರುಗಿಸಿದಳು.

"ನಿಧಾನ ಆಯ್ತು" ಎಂದಳು ನಾದಿನಿ. "ಇನ್ನೂ ನಿಧಾನ. ಭಾವ, ಅಕ್ಕ ಇದನ್ನೇ ಕೇಳ್ತಿದ್ಲಾ?"

"ಇದನ್ನೇ."

ಅವಳು ಸೆರಗಿನ ಅಂಚಿನಿಂದ ಮೂಗೊರೆಸಿಕೊಂಡು, ಮತ್ತೆ ಕಿವಿಗೊಟ್ಟು "ನಿಂತಿತು" ಎಂದಳು. ಎಲ್ಲರೂ ಹೌದೆಂದರು. ಆಮೇಲೆ ಎದ್ದು ಡಬ್ಬಿಯನ್ನು ತಂದು ಯಜಮಾನರ ಮುಂದೆ ಎಣಿಸಿದಳು. ಹೊಸ ಬಾಡಿಗೆ, ಪೂರ್ತಿ. ಅವರು ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡು, ಅಳತೆಪಟ್ಟಿಯವನನ್ನು ಹೊರಗೆ ಕಳಿಸಿ, ತಾವು ಮಾತ್ರ ಹಿಂದೆ ಉಳಿದರು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಎರಡು ತಿಂಗಳಿಂದ ಒಂದೇ ಸ್ವರ ಟಿಂಗ್ ಟಿಂಗ್ ಅಂತ ಕೇಳ್ತಿದ್ದೀವಿ. ನನ್ನ ಆಳುಗಳು ಕೇಳ್ತಾರೆ, ಹಾಡು ಯಾವಾಗ ಬರುತ್ತೆ ಅಂತ."

"ಬರಲ್ಲ" ಎಂದಳು ದರ್ಜಿಯಮ್ಮ. "ಹಾಡು ಈ ಫೀಜಿನಲ್ಲಿಲ್ಲ."

ಅವರು ನಗುತ್ತಲೇ ಮೆಟ್ಟಿಲು ಹತ್ತಿ ಹೋದರು. ನಾನು ಅವಳ ಕೈಯಿಂದ ಹಿಡಿಯನ್ನು ತೆಗೆದುಕೊಂಡು ಬಡಗಿಗೆ ಕೊಟ್ಟು, ಮುಂದಿನ ತಂತಿಯನ್ನು ತೋರಿಸಿದೆ.